ಹಳದಿ ಪೈಪು ಯಾಕೆ ಬೇಕು ಅಂದರೆ, ಅಣ್ಣಾ

ಮಸ್ಕತ್
ಶುಕ್ರವಾರ ರಾತ್ರಿ

ಪ್ರೀತಿಯ ಅಣ್ಣಾ,

ನಿನಗೆ, ಅಪ್ಪ-ಅವ್ವನಿಗೆ, ವೈನಿಗೆ ಶರಣು ಶರಣಾರ್ಥಿ. ಸಣ್ಣವನಿಗೆ ಎರಡು ಮುತ್ತು.

ನನ್ನ ಡೈವಿಂಗ್ ಸಾಮಾನಿನ ಬಗ್ಗೆ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋಕೆ ಬೇಕಾದ ಸಾಮಾನಿನ ಬಗ್ಗೆ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ವಾರ್ಡಿನಿಂದ ಕರೆದರು, ಫೋನ್ ಇಟ್ಟುಬಿಟ್ಟೆ. "ಬಾಡಗಿಗೆ ಸಿಗೂ ಸಾಮಾನಿಗೆ ಇಷ್ಟು ರೊಕ್ಕ ಯಾಕ ಹಾಕ್ತಿ?" ಅಂದೆಯಲ್ಲ, ಆ ಮಾತು ಎರಡು ದಿನ ತಲೆಯಲ್ಲೇ ಇತ್ತು. ನೀನು ಸಿಟ್ಟಿನಿಂದ ಕೇಳಲಿಲ್ಲ ಅಂತ ಗೊತ್ತು. ಆದರೆ ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಊಟ ಆದ ಮೇಲೆ ಎಲ್ಲರ ಮುಂದೆ ಓದು. ನಡುವೆ ಒಂದು ಕಡೆ ನಿಲ್ಲಿಸು ಅಂತ ಬರೆದಿದ್ದೇನೆ, ಅಲ್ಲಿ ನಿಲ್ಲಿಸು.

ಮೊದಲು ರೊಕ್ಕದ ಮಾತು. ಮನೆಗೆ ಕಳಿಸುವುದರಲ್ಲಿ ಒಂದು ರೂಪಾಯಿ ಕೂಡ ಕಡಿಮೆ ಆಗುವುದಿಲ್ಲ. ಅಪ್ಪನ ಕಣ್ಣಿನ ಆಪರೇಷನ್ನಿಗೆ ಎತ್ತಿಟ್ಟದ್ದು ಬೇರೆ ಖಾತೆಯಲ್ಲಿದೆ, ಅದನ್ನು ಮುಟ್ಟಿಲ್ಲ. ಈ ಸಾಮಾನಿಗೆ ಹಾಕುತ್ತಿರುವುದು ಹೆಚ್ಚಿನ ನೈಟ್ ಡ್ಯೂಟಿ ಮಾಡಿ ಗಳಿಸಿದ್ದು. ಇಲ್ಲಿನ ಒಂದು ರಿಯಾಲ್ ಅಂದರೆ ನಮ್ಮ 200 ರೂಪಾಯಿಗೂ ಜಾಸ್ತಿ. ಅದಕ್ಕೇ ಒಂದೊಂದು ವಸ್ತು ಕೊಳ್ಳುವ ಮುಂಚೆಯೂ ತಿಂಗಳುಗಟ್ಟಲೆ ಯೋಚನೆ ಮಾಡುತ್ತೇನೆ.

ಬಾಡಿಗೆ ಸಾಮಾನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಲಿತದ್ದೆಲ್ಲ ಅದರಲ್ಲೇ. ಆದರೆ ಅದನ್ನು ಯಾರ ಮೈಗಾದರೂ ಆಗಲಿ ಅಂತ ಇಟ್ಟಿರುತ್ತಾರೆ, ಹಾಗಾಗಿ ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ಹೆಚ್ಚಿನವು ಗಂಡಸರ ಅಳತೆಯವು. ಬಂದರ್ ಖೈರಾನ್ ಅನ್ನುವ ಕಡೆ ನನ್ನ ಮೂರನೇ ಡೈವ್. ಆವತ್ತು ಸಿಕ್ಕ ಗಾಳಿ ಜಾಕೆಟ್ ನನಗಿಂತ ಎರಡು ಸೈಜು ದೊಡ್ಡದು. ಮೇಲೆ ಬಂದು ಗಾಳಿ ತುಂಬಿದರೆ ಜಾಕೆಟ್ ತೇಲಿತು, ನಾನು ಅದರೊಳಗೆ ಜೋತಾಡುತ್ತಿದ್ದೆ. ಹೆಗಲ ಪಟ್ಟಿ ಕಿವಿಗೆ ಬಂದಿತ್ತು, ಗದ್ದ ನೀರಲ್ಲಿತ್ತು. ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಅಂತೂ ನಿಮಿಷಕ್ಕೊಮ್ಮೆ ನೀರು ಒಳಗೆ ಬಿಡುತ್ತಿತ್ತು. ಜೊತೆಗಿದ್ದವರು ಕಡಲಾಮೆ ನೋಡಿದರು. ನಾನು ನನ್ನ ಮಾಸ್ಕಿನ ಒಳಗಿನ ನೀರು ನೋಡಿದೆ. ದೋಣಿಗೆ ಬಂದು ಕೂತಾಗ ಅಳು ಬಂತು, ನಿಜ ಹೇಳುತ್ತೇನೆ.

ಆವತ್ತು ಅಪ್ಪನ ಸುತ್ತಿಗೆ ನೆನಪಾಯಿತು. ಅಪ್ಪ ಕಲ್ಲಿನ ಖಣಿಗೆ ಹೋಗುವಾಗ ಬೇರೆ ಯಾರ ಸುತ್ತಿಗೆಯನ್ನೂ ಮುಟ್ಟುತ್ತಿರಲಿಲ್ಲ, ತನ್ನದನ್ನೂ ಕೊಡುತ್ತಿರಲಿಲ್ಲ. ಕಾವು ಸವೆದರೆ ತಾನೇ ಕೂತು ಹೊಸದು ಹಾಕುತ್ತಿದ್ದ. ಹಾಕಿದ ಮೇಲೆ ನಾಲ್ಕು ಸಲ ಕೈಯಲ್ಲಿ ತೂಗಿ ನೋಡುತ್ತಿದ್ದ, ಮತ್ತೆ ಗಾಜಿನ ಚೂರಿನಿಂದ ಕೆರೆಯುತ್ತಿದ್ದ. ಫರಸಿಯ ಪದರ ಎಲ್ಲಿ ಬಿಡುತ್ತದೆ ಅಂತ ಕಲ್ಲು ಹೇಳುವುದು ಸುತ್ತಿಗೆ ಮೂಲಕ ಅಲ್ವಾ ಅಪ್ಪಾ? ಕೈಗೆ ಕೂರದ ಸುತ್ತಿಗೆಯಲ್ಲಿ ಆ ಸದ್ದು ತಿಳಿಯುವುದಿಲ್ಲ. ನನಗೂ ಹಾಗೇ ಆಯಿತು. ಗಮನವೆಲ್ಲ ಸಾಮಾನಿನ ಮೇಲೇ ಹೋದರೆ ಸಮುದ್ರದ ಮೇಲೆ ಇರುವುದಿಲ್ಲ. ಮುಂದೆ ಇನ್ನೊಬ್ಬರಿಗೆ ಕಲಿಸಬೇಕು ಅನ್ನುವವಳ ಗಮನ ತನ್ನ ಮಾಸ್ಕಿನ ಮೇಲಿದ್ದರೆ, ಆ ಇನ್ನೊಬ್ಬರನ್ನು ನೋಡುವವರು ಯಾರು?

ಅದಕ್ಕೇ ಮೊದಲು ಕೊಂಡದ್ದು ಮಾಸ್ಕ್. ಅಗ್ಗದ ವಸ್ತುವೇ, ಆದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಗೊಂಡದ್ದು ಅದಕ್ಕೇ. ನೋಡುವ ರೀತಿ ಸುಲಭ. ಪಟ್ಟಿ ಹಾಕಿಕೊಳ್ಳದೆ ಮುಖಕ್ಕೆ ಸುಮ್ನೆ ಇಟ್ಟುಕೊಂಡು ಮೂಗಿನಿಂದ ಉಸಿರು ಎಳೆಯಬೇಕು. ಕೈ ಬಿಟ್ಟರೂ ಅದು ಮುಖಕ್ಕೆ ಅಂಟಿ ನಿಲ್ಲಬೇಕು. ಬಿದ್ದರೆ, ಎಷ್ಟೇ ದುಬಾರಿಯಾದರೂ ನಮ್ಮದಲ್ಲ. 11 ಮಾಸ್ಕ್ ಇಟ್ಟು ನೋಡಿದೆ, 2 ನಿಂತವು. ಕೂದಲಿನ ಒಂದು ಎಳೆ ಅಂಚಿನ ಕೆಳಗೆ ಸಿಕ್ಕರೂ ನೀರು ಒಳಗೆ ಬರುತ್ತದೆ. ಹಾಗಾಗಿ ಜಡೆ ಬಿಗಿಯಾಗಿ ಹಾಕಿ, ಹಣೆಯ ಕೂದಲನ್ನು ಬಟ್ಟೆ ಪಟ್ಟಿಯಿಂದ ಹಿಂದಕ್ಕೆ ಕಟ್ಟುತ್ತೇನೆ. ಅವ್ವ ಶಾಲೆಗೆ ಕಳಿಸುವಾಗ ಎಣ್ಣೆ ಹಚ್ಚಿ ಹಾಕುತ್ತಿದ್ದಳಲ್ಲ, ಅದೇ ಜಡೆ. ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯ ಒಂದು ತೆಳು ಪೊರೆ ಇರುತ್ತದೆ. ಟೂತ್‌ಪೇಸ್ಟ್ ಹಚ್ಚಿ ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ನೀರಲ್ಲಿ ಮಂಜು ಕವಿಯುತ್ತದೆ.

ಕಪ್ಪು ಅಂಚಿನದೂ ಇತ್ತು, ತಿಳಿ ಅಂಚಿನದೂ ಇತ್ತು. ಫೋಟೋ ತೆಗೆಯುವವರು ಕಪ್ಪು ಅಂಚು ಇಷ್ಟಪಡುತ್ತಾರೆ, ಪಕ್ಕದ ಬೆಳಕು ಕಣ್ಣಿಗೆ ಬೀಳುವುದಿಲ್ಲ ಅಂತ. ನಾನು ತಿಳಿಯದ್ದು ತಗೊಂಡೆ. ನೀರಿನೊಳಗೆ ಮಾತಿಲ್ಲ. ಬಾಯಲ್ಲಿ ರಬ್ಬರ್ ಇರುತ್ತದೆ, ನಗು ಕೂಡ ಕಾಣುವುದಿಲ್ಲ. ಧೈರ್ಯ ಹೇಳಬೇಕಾದರೆ ಕಣ್ಣಿನಲ್ಲೇ ಹೇಳಬೇಕು. ತಿಳಿ ಅಂಚಿನಲ್ಲಿ ಬೆಳಕು ಒಳಗೆ ಬರುತ್ತದೆ, ಎದುರಿಗಿದ್ದವರಿಗೆ ನನ್ನ ಕಣ್ಣು ಚೆನ್ನಾಗಿ ಕಾಣುತ್ತವೆ.

ಆಮೇಲೆ ಬೂಟು ಮತ್ತು ಫಿನ್ಸ್, ಅಂದರೆ ಕಾಲಿಗೆ ಹಾಕುವ ರೆಕ್ಕೆ. ಇಲ್ಲಿನ ದಂಡೆ ಚೂಪು ಕಲ್ಲಿನದು, ಬರಿಗಾಲಲ್ಲಿ ಇಳಿಯೋಕೆ ಆಗುವುದಿಲ್ಲ. ಹಾಗಾಗಿ ಹಿಮ್ಮಡಿ ತೆರೆದ ಫಿನ್ಸ್, ಒಳಗೆ ದಪ್ಪ ಅಟ್ಟೆಯ ಬೂಟು. ಇದರಲ್ಲಿ ಯೋಚನೆ ಮಾಡೋಕೆ ಜಾಸ್ತಿ ಏನೂ ಇಲ್ಲ.

ಅವ್ವಾ, ಈಗ ನಿನ್ನ ಪ್ರಶ್ನೆ. "ಏನ ಹಾಕ್ಕೊಂಡು ನೀರಾಗ ಇಳೀತಿ?" ಅಂದಿದ್ದೆ. ಕುತ್ತಿಗೆಯಿಂದ ಮುಂಗೈ, ಕಣಕಾಲಿನವರೆಗೆ ಮುಚ್ಚುವ ರಬ್ಬರಿನ ಬಟ್ಟೆ ಅದು, ವೆಟ್‌ಸೂಟ್ ಅನ್ನುತ್ತಾರೆ. ನಾಚಿಕೆಗೆ ಅಲ್ಲ, ಚಳಿಗೆ. ನೀರು ಮೈಯ ಬಿಸಿಯನ್ನು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಬೇಗ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಸಮುದ್ರದ ಮೇಲ್ಭಾಗ 30 ಡಿಗ್ರಿ ದಾಟುತ್ತದೆ, ಆದರೆ ಕೆಲವು ದಿನ 10-12 ಮೀಟರ್ ಕೆಳಗೆ ಹೋದರೆ ಒಮ್ಮೆಲೇ ತಣ್ಣೀರಿನ ಪದರ ಸಿಗುತ್ತದೆ. ಸುಡುಬೇಸಿಗೆಯಲ್ಲಿ ನೀರು ತುಂಬಿದ ನಮ್ಮ ಹಳೇ ಖಣಿಯಲ್ಲಿ ಮೇಲಿನ ನೀರು ಬೆಚ್ಚಗೆ, ಕಾಲಿನ ಹತ್ತಿರ ಕೊರೆಯುವ ಚಳಿ ಅಂತ ಅಣ್ಣ ಹೇಳುತ್ತಿದ್ದನಲ್ಲ, ಅದೇ ತರಹ.

3 ಮಿಲಿಮೀಟರ್ ದಪ್ಪದ್ದು ತಗೊಂಡಿದ್ದರೆ ನನಗೆ ಈಗ ಸಾಕಾಗುತ್ತಿತ್ತು. 5 ಮಿಲಿಮೀಟರಿನದು ತಗೊಂಡೆ. ಕಲಿಯುವವರು ಕೈಕಾಲು ಆಡಿಸುತ್ತಿರುತ್ತಾರೆ, ಅವರಿಗೆ ಬೆಚ್ಚಗಾಗುತ್ತದೆ. ಕಲಿಸುವವರು ಒಂದೇ ಕಡೆ ನಿಂತು ನೋಡುತ್ತಿರಬೇಕು. ನಮ್ಮ ಟೀಚರನ್ನು ನಾನು ನೋಡಿದ್ದೇನೆ. ಮೇಲೆ ಬಂದಾಗ ಅವರ ತುಟಿ ನೀಲಿಯಾಗಿರುತ್ತಿತ್ತು. ಸೂಟ್ ಮಾತ್ರ ಹಾಕಿ ನೋಡಿಯೇ ಕೊಳ್ಳಬೇಕು. ಬೆನ್ನಲ್ಲಿ, ಕಂಕುಳಲ್ಲಿ ಸಡಿಲ ಇದ್ದರೆ ತಣ್ಣೀರು ಒಳಗೆ ಬಂದು ಹೋಗುತ್ತಾ ಇರುತ್ತದೆ. ಆಗ ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ. ಹೆಂಗಸರ ಅಳತೆಯದನ್ನೇ ಹುಡುಕಿ ತಂದೆ.

ಪ್ರತಿ ಸಲ ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಬೇಕು. ಉಪ್ಪು ಒಣಗಿ ಕೂತರೆ ಲೋಹ, ರಬ್ಬರ್ ಎರಡನ್ನೂ ತಿನ್ನುತ್ತದೆ. ನೀನು ಹಪ್ಪಳ ಸಂಡಿಗೆಯನ್ನು ಬಿಸಿಲಿಗೆ ಹಾಕುತ್ತಿ, ಇದನ್ನು ನೆರಳಲ್ಲೇ ಆರಿಸಬೇಕು. ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ನಮ್ಮ ರೂಮಿನ ಬಚ್ಚಲು ಶನಿವಾರ ಪೂರ್ತಿ ನನ್ನ ಸಾಮಾನಿಗೇ. ಜೊತೆಗಿರುವ ಕೇರಳದ ಸಿಸ್ಟರ್ ಪಾಪ ಒಂದು ಮಾತೂ ಅನ್ನುವುದಿಲ್ಲ. ಬದಲಿಗೆ ಅವಳಿಗೆ ನೀನು ಕಳಿಸಿದ ಶೇಂಗಾ ಹಿಂಡಿ ಕೊಟ್ಟಿದ್ದೇನೆ.

ಆಮೇಲೆ ಡೈವ್ ಕಂಪ್ಯೂಟರ್. ಗಡಿಯಾರದ ತರಹ ಕೈಗೆ ಕಟ್ಟುವುದು. ಎಷ್ಟು ಆಳ, ಎಷ್ಟು ಹೊತ್ತು, ಇನ್ನೆಷ್ಟು ಹೊತ್ತು ಇರಬಹುದು ಅಂತ ಹೇಳುತ್ತದೆ. ಆಳದಲ್ಲಿ ಉಸಿರಾಡಿದಷ್ಟೂ ಗಾಳಿಯಲ್ಲಿರುವ ನೈಟ್ರೋಜನ್ ರಕ್ತದಲ್ಲಿ, ಮೈಯಲ್ಲಿ ಕರಗಿ ಕೂರುತ್ತದೆ. ಒಮ್ಮೆಲೇ ಮೇಲೆ ಬಂದರೆ ಅದು ಸೋಡಾ ಬಾಟ್ಲಿ ಬಿರಡೆ ತೆಗೆದಾಗ ಆಗುವಂತೆ ಗುಳ್ಳೆಯಾಗುತ್ತದೆ. ಅದಕ್ಕೇ ನಿಧಾನ ಬರಬೇಕು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ಇದನ್ನು ಬೇರೆಯವರ ಜೊತೆ ಹಂಚಿಕೊಳ್ಳುವ ಹಾಗಿಲ್ಲ. ನನ್ನ ಕೈಯಲ್ಲಿರುವುದಕ್ಕೆ ನನ್ನ ಹಿಂದಿನ ಡೈವ್ ನೆನಪಿರುತ್ತದೆ, ಇನ್ನೊಬ್ಬರದು ಅದಕ್ಕೆ ಗೊತ್ತಿರುವುದಿಲ್ಲ. ದೊಡ್ಡ ಅಂಕಿ ಕಾಣುವ, ಬ್ಯಾಟರಿ ನಾನೇ ಬದಲಿಸಬಹುದಾದ ಸಾದಾ ಮಾದರಿ ಕೊಂಡೆ. ಬಣ್ಣದ ಪರದೆಯದು ಮೂರು ಪಟ್ಟು ಬೆಲೆ. ಅದು ಹೇಳುವುದೂ ಇದನ್ನೇ.

ಹಾಂ, ಆ ಗುಳ್ಳೆಯ ಕಾರಣಕ್ಕೇ ಊರಿಗೆ ಬರುವಾಗ ಒಂದು ನಿಯಮ ಇದೆ. ನೀರಿನಿಂದ ಬಂದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು. ನಾನು ಪೂರ್ತಿ ಎರಡು ದಿನ ಬಿಟ್ಟೇ ಹೈದರಾಬಾದ್ ವಿಮಾನ ಹತ್ತುತ್ತೇನೆ. ಅವ್ವ ಹೆದರಬೇಕಾಗಿಲ್ಲ.

ಇನ್ನು ರೆಗ್ಯುಲೇಟರ್. ನೀನು ಬೆಲೆ ಕೇಳಿ ದಂಗಾದದ್ದು ಇದಕ್ಕೇ.

ಅಡುಗೆ ಮನೆಯ ಸಿಲಿಂಡರ್ ಮೇಲೆ ರೆಗ್ಯುಲೇಟರ್ ಇದೆಯಲ್ಲ, ಕೆಲಸ ಅದೇ. ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ನೀವು ಉಸಿರಾಡುವ ಗಾಳಿಯೇ, 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ ಅಮುಕಿ ತುಂಬಿದ್ದು. ಅದನ್ನು ಸೀದಾ ಬಾಯಿಗೆ ಬಿಟ್ಟರೆ ಶ್ವಾಸಕೋಶ ಹರಿದುಹೋಗುತ್ತದೆ. ಸಿಲಿಂಡರಿಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುಮಾರು 10 ಬಾರ್ ಒತ್ತಡಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ನಾನು ಎಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬಿಡುತ್ತದೆ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಅನ್ನುವ ಇಬ್ಬರು ಸೇರಿ, ಬೇಕಾದಾಗ ಮಾತ್ರ ಗಾಳಿ ಕೊಡುವ ಇಂಥ ಯಂತ್ರವನ್ನು ಈಜುಗಾರನ ಬೆನ್ನಿಗೆ ಕಟ್ಟಿದರು. ಆಸ್ಪತ್ರೆಯಲ್ಲಿ ದಿನಾ ರೆಗ್ಯುಲೇಟರ್ ತಿರುಗಿಸುವ ಕೈ ನನ್ನದು. ಆದರೂ ಇದನ್ನು ಬಿಚ್ಚಿ ತೋರಿಸಿದಾಗ ಬಹಳ ಹೊತ್ತು ನೋಡುತ್ತಾ ಕೂತೆ.

10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, 20 ಮೀಟರಿಗೆ ಮೂರು ಪಟ್ಟು. ಖಣಿಯಲ್ಲಿ ತಳದ ಕಲ್ಲು ಮುಟ್ಟಲು ಹೋದಾಗ ಕಿವಿ ನೋಯುತ್ತದೆ ಅಂತ ನೀನು ಅನ್ನುತ್ತಿದ್ದೆ, ಅದು ಇದೇ ಒತ್ತಡ. ಒತ್ತಡ ಎಷ್ಟು ಪಟ್ಟೋ ಒಂದೊಂದು ಉಸಿರಿಗೂ ಅಷ್ಟು ಪಟ್ಟು ಗಾಳಿ ಹೋಗುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವ ಹೊಸಬರು 20 ಮೀಟರಿನಲ್ಲಿ 60 ಲೀಟರ್ ಖರ್ಚು ಮಾಡುತ್ತಾರೆ. ಸಿಲಿಂಡರಿನಲ್ಲಿ ಇರುವುದು ಸುಮಾರು 2200 ಲೀಟರ್. ಹೆದರಿದರೆ ಇನ್ನೂ ಬೇಗ ಮುಗಿಯುತ್ತದೆ.

ಅಗ್ಗದ ಫಸ್ಟ್ ಸ್ಟೇಜಿನಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ಉಸಿರು ಎಳೆಯುವುದು ಬಿಗಿಯಾಗುತ್ತದೆ. ಬ್ಯಾಲೆನ್ಸ್ಡ್ ಅನ್ನುವ ಮಾದರಿಯಲ್ಲಿ ಕೊನೆಯವರೆಗೂ ಒಂದೇ ಸಮ. ಒಬ್ಬಳೇ ತೇಲಾಡಿಕೊಂಡು ಬರುವುದಾದರೆ ಅಗ್ಗದ್ದರಲ್ಲೇ ಕಳೆಯಬಹುದಿತ್ತು. ಎಷ್ಟೋ ಜನ ವರ್ಷಾನುಗಟ್ಟಲೆ ಅದರಲ್ಲೇ ಸುಖವಾಗಿ ಡೈವ್ ಮಾಡಿದ್ದಾರೆ. ಆದರೆ ಹೊಸಬರಿಗೆ ಗಾಳಿ ಮುಗಿಯುವುದು ಡೈವಿನ ಕೊನೆಯಲ್ಲಿ. ಆಗ ಕಲಿಸುವವಳ ಸಿಲಿಂಡರೂ ಕಡಿಮೆಯಾಗಿರುತ್ತದೆ. ಒಂದೇ ಸಿಲಿಂಡರಿನಿಂದ ಇಬ್ಬರು, ಅದರಲ್ಲಿ ಒಬ್ಬರು ಹೆದರಿ ಏದುಸಿರು ಬಿಡುತ್ತಾ ಎಳೆಯುವ ಹೊತ್ತಿನಲ್ಲಿ ಅದು ಬಿಗಿಯಾಗಬಾರದು. ಹೊಸಬರು ತಳದಲ್ಲಿ ಮಂಡಿಯೂರಿ ಕೂತಾಗ ಮರಳು ಏಳುತ್ತದೆ. ಹಾಗಾಗಿ ಮರಳು, ಉಪ್ಪುನೀರು ಒಳಗೆ ಹೋಗದಂತೆ ಮುಚ್ಚಿರುವ ಡಯಾಫ್ರಾಮ್ ಮಾದರಿ ಆರಿಸಿದೆ. ಸಿಲಿಂಡರಿಗೆ ಕೂರಿಸುವುದರಲ್ಲಿ ಎರಡು ತರಹ. ತಿರುಪಿ ಹಾಕುವ ಡಿನ್, ಹಿಡಿಕೆ ತರಹ ಬಿಗಿಯುವ ಯೋಕ್. ಡಿನ್ ತಗೊಂಡು ಜೊತೆಗೆ ಒಂದು ಅಡಾಪ್ಟರ್ ಇಟ್ಟುಕೊಂಡರೆ ಎರಡೂ ಕಡೆ ನಡೆಯುತ್ತದೆ. ಇವತ್ತು ಒಮಾನ್, ನಾಳೆ ಎಲ್ಲಿ ಅಂತ ಯಾರಿಗೆ ಗೊತ್ತು?

ಇದಕ್ಕೆಲ್ಲ ಮುಂಚೆ ಕೇಳಿದ ಪ್ರಶ್ನೆ ಒಂದಿದೆ. ಇದರ ಸರ್ವಿಸ್ ಈ ಊರಲ್ಲೇ ಆಗುತ್ತದಾ? ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಿ, ವಾಶರ್ ಬದಲಿಸಬೇಕಾಗುತ್ತದೆ. ಬಿಡಿಭಾಗ ಸಿಗದ ಊರಿನಲ್ಲಿ ಎಂಥ ಒಳ್ಳೆ ಕಂಪನಿಯದಾದರೂ ಅದು ಬರೀ ಹಿತ್ತಾಳೆ. ಇನ್ನೊಂದು ಕಡೆ ಅರ್ಧ ಬೆಲೆಗೆ ಹಳೆಯದು ಸಿಗುತ್ತಿತ್ತು. ಪೈಪನ್ನು ಬಗ್ಗಿಸಿ ನೋಡಿದೆ. ಲೋಹಕ್ಕೆ ಸೇರುವ ಕಡೆ ಸಣ್ಣ ಬಿರುಕು ಇತ್ತು, ಯಾವಾಗ ಸರ್ವಿಸ್ ಆಗಿದೆ ಅನ್ನುವ ಚೀಟಿ ಇರಲಿಲ್ಲ. ಬಿಟ್ಟು ಬಂದೆ. ಹಳೆಯ ಫಿನ್ಸ್, ಹಳೆಯ ಬೂಟು ಕೊಳ್ಳಬಹುದು. ಉಸಿರಿನ ಸಾಮಾನು ಕೊಳ್ಳುವಾಗ ಚೀಟಿ ಇಲ್ಲದೆ ಕೈ ಹಾಕಬಾರದು.

ಅಣ್ಣಾ, ಇಲ್ಲಿ ನಿಲ್ಲಿಸು. ಇನ್ನು ಮುಂದಿನ ಸ್ವಲ್ಪ ಭಾಗ ಅವ್ವನ ಮುಂದೆ ಓದಬೇಡ.

ಹಳೇ ಖಣಿ ನೆನಪಿದೆಯಾ? ನೀವೆಲ್ಲ ನೀರಿಗೆ ಜಿಗಿಯುತ್ತಿದ್ದಿರಿ. ನಾನು ದಂಡೆಯ ಕಲ್ಲಿನ ಮೇಲೆ ನಿಮ್ಮ ಬಟ್ಟೆ, ಚಪ್ಪಲಿ ಕಾಯುತ್ತಿದ್ದೆ. ನನಗೆ 9 ವರ್ಷ, ನಿನಗೆ 13. ಹುಡುಗಿ ನೀರಿಗಿಳಿಯುವ ಮಾತೇ ಇರಲಿಲ್ಲ. ಆವತ್ತು ನಿನ್ನ ದೋಸ್ತ ಮುಳುಗಿ ಮೇಲೆ ಬರಲಿಲ್ಲ. ನೀನು ಹೋದೆ. ಅವನು ನಿನ್ನ ಕುತ್ತಿಗೆ ಹಿಡಿದ. ಇಬ್ಬರೂ ಒಳಗೆ ಹೋದಿರಿ, ಮೇಲೆ ಬಂದಿರಿ, ಮತ್ತೆ ಹೋದಿರಿ. ನಾನು ಕಲ್ಲಿನ ಮೇಲೆ ಬೋರಲು ಮಲಗಿ, ಕೈಯಲ್ಲಿದ್ದ ನಿನ್ನ ಅಂಗಿಯನ್ನೇ ಚಾಚಿದೆ. ಅದು ನಿನ್ನ ಕೈಗೆ ಎರಡು ಮೊಳ ದೂರದಲ್ಲಿ ಉಳಿಯಿತು. ಎತ್ತು ಕಟ್ಟುವ ಹಗ್ಗ ಹಿಡಿದು ಒಬ್ಬ ಕಾಕಾ ಓಡಿ ಬರದಿದ್ದರೆ ಏನಾಗುತ್ತಿತ್ತೋ. ಮನೆಯಲ್ಲಿ ಹೇಳಬೇಡ ಅಂತ ನೀನು ನನ್ನಿಂದ ಆಣೆ ಹಾಕಿಸಿದೆ. 18 ವರ್ಷ ಆಯಿತು, ಇವತ್ತಿಗೂ ಹೇಳಿಲ್ಲ. ಆದರೆ ಆ ಎರಡು ಮೊಳ ನನಗೆ ಮರೆತಿಲ್ಲ.

ರೆಗ್ಯುಲೇಟರಿನಲ್ಲಿ ಬಾಯಿಗೆ ಹೋಗುವ ತುದಿ ಎರಡು ಇರುತ್ತವೆ. ಒಂದು ನನ್ನದು. ಇನ್ನೊಂದಕ್ಕೆ ಆಕ್ಟೋಪಸ್ ಅನ್ನುತ್ತಾರೆ. ಹಳದಿ ಬಣ್ಣದ ಪೈಪು, ಎದೆಯ ಹತ್ತಿರ ಸಿಕ್ಕಿಸಿಕೊಂಡಿರಬೇಕು, ದೂರದಿಂದಲೇ ಕಾಣಬೇಕು. ಅದು ನನಗಲ್ಲ. ಗಾಳಿ ಮುಗಿದವರು ಬಂದು ತಗೊಳ್ಳಲಿ ಅಂತ ಇರುವುದು. ಅದರ ಉದ್ದ ಸುಮಾರು ಒಂದು ಮೀಟರ್. ಎರಡು ಮೊಳಕ್ಕೆ ಸ್ವಲ್ಪ ಜಾಸ್ತಿ.

ಈಗ ಮತ್ತೆ ಎಲ್ಲರ ಮುಂದೆ ಓದು.

ಹೆಚ್ಚಿನವರು ದುಡ್ಡು ಉಳಿಸುವುದು ಈ ಹಳದಿ ಪೈಪಿನಲ್ಲೇ. ತಮಗೆ ಒಳ್ಳೆಯದು, ಮತ್ತೊಬ್ಬರಿಗೆ ಸಾದಾ. ಸ್ಪೇರ್ ಅಲ್ವಾ, ಯಾವಾಗಲೋ ಒಮ್ಮೆ ಬೇಕಾಗುವುದು ಅಂತ. ಅಂಗಡಿಯವರೂ ಹಾಗೇ ಹೇಳಿದರು. ನಾನು ಎರಡೂ ಒಂದೇ ದರ್ಜೆಯದು ಕೊಡಿ ಅಂದೆ. ಅಲ್ಲೇ ಬಾಯಿಗಿಟ್ಟು ಎರಡರಲ್ಲೂ ಉಸಿರಾಡಿ ನೋಡಿದೆ. ಸಾದಾದ್ದರಲ್ಲಿ ಗಾಳಿ ಬರುತ್ತದೆ, ಆದರೆ ಸ್ವಲ್ಪ ಎಳೆಯಬೇಕು. ಕುರ್ಚಿಯಲ್ಲಿ ಕೂತವಳಿಗೆ ಅದು ಏನೂ ಅನ್ನಿಸುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವವರಿಗೆ, ಮೊದಲ ಉಸಿರು ಸರಾಗ ಬರದಿದ್ದರೆ, ಇದರಲ್ಲೂ ಗಾಳಿ ಇಲ್ಲ ಅನ್ನಿಸಿಬಿಡುತ್ತದೆ. ವಾರ್ಡಿನಲ್ಲಿ ಉಸಿರು ಕಟ್ಟಿದ ಪೇಷಂಟುಗಳು ಆಕ್ಸಿಜನ್ ಮಾಸ್ಕನ್ನೇ ಕಿತ್ತೆಸೆಯುವುದನ್ನು ನಾನು ನೋಡಿದ್ದೇನೆ. ಇನ್ನೂ ಒಂದು ವಿಷಯ. ಗಾಬರಿಯಾದವರು ಹಳದಿ ಯಾವುದು ಅಂತ ಹುಡುಕಿಕೊಂಡು ಕೂರುವುದಿಲ್ಲ, ನನ್ನ ಬಾಯಲ್ಲಿರುವುದನ್ನೇ ಕಿತ್ತುಕೊಳ್ಳಬಹುದು. ಆಗ ಹಳದಿಯದು ನನ್ನ ಉಸಿರಾಗುತ್ತದೆ. ಹೇಗೆ ನೋಡಿದರೂ ಅದು ಎರಡನೇ ದರ್ಜೆಯದಾಗಬಾರದು ಅಣ್ಣಾ. ನಿನಗೆ ಜಾಸ್ತಿ ಅನ್ನಿಸಿದ ರೊಕ್ಕದಲ್ಲಿ ಒಂದು ಭಾಗ ಇದಕ್ಕೇ ಹೋದದ್ದು.

ಗಾಳಿ ಜಾಕೆಟ್ ಮಾತ್ರ ಇನ್ನೂ ಕೊಂಡಿಲ್ಲ. ಅದಕ್ಕೆ ಬಿಸಿಡಿ ಅನ್ನುತ್ತಾರೆ. ಈಜು ಕಲಿಯುವಾಗ ಬೆನ್ನಿಗೆ ಖಾಲಿ ಡಬ್ಬಿ ಕಟ್ಟುತ್ತಿದ್ದರಲ್ಲ, ಅದರ ಜಾಣ ರೂಪ. ಬೇಕಾದಾಗ ಗಾಳಿ ತುಂಬಬಹುದು, ಬೇಕಾದಾಗ ಬಿಡಬಹುದು. ಮೇಲೂ ಹೋಗದೆ ಕೆಳಗೂ ಇಳಿಯದೆ ನೀರ ನಡುವೆ ನಿಲ್ಲುವುದು ಇದರಿಂದ. "ಮುಂದೆ ಕಲಿಸುವವರು ಅಂತೀರಿ, ಹಾಗಾದರೆ ಈಗಲೇ ದೊಡ್ಡದು ತಗೊಳ್ಳಿ" ಅಂತ ಅಂಗಡಿಯಲ್ಲಿ ಒಂದು ಭಾರಿ ಸೆಟ್ ತೋರಿಸಿದರು. ಬೆನ್ನಿಗೆ ಲೋಹದ ತಟ್ಟೆ, ಹಿಂದೆ ರೆಕ್ಕೆಯಂಥ ಚೀಲ, ಎಲ್ಲ ಕಡೆ ಉಕ್ಕಿನ ಕೊಂಡಿ. ಆಸೆ ಆಯಿತು. ಕನ್ನಡಿಯಲ್ಲಿ ನೋಡಿಕೊಂಡಾಗ ಆಗಲೇ ಟೀಚರ್ ಆದ ಹಾಗೆ ಅನ್ನಿಸಿತು.

ನಮ್ಮ ಟೀಚರನ್ನು ಕೇಳಿದೆ. ಅವರು ಒಂದೇ ಮಾತು ಕೇಳಿದರು, "ನಿನ್ನ ಹತ್ತಿರ ಕಲಿಯುವವರು ಏನು ಹಾಕಿಕೊಂಡಿರುತ್ತಾರೆ?" ಬಾಡಿಗೆಯ ಸಾದಾ ಜಾಕೆಟ್ಟೇ. ಹಾಗಿದ್ದ ಮೇಲೆ, ಇಲ್ಲಿ ಗುಂಡಿ, ಇಲ್ಲಿ ದಾರ, ಹೀಗೆ ಎಳೆ ಅಂತ ತೋರಿಸಬೇಕಾದವಳು ಬೇರೆ ಏನನ್ನೋ ಹಾಕಿಕೊಂಡು ನಿಂತರೆ ಅವರಿಗೆ ಹೇಗೆ ತಿಳಿಯಬೇಕು? ಕಲಿಸುವವರ ಮೈಮೇಲೆ ಇರುವುದು ಕಲಿಯುವವರದರ ಹಾಗೇ ಇದ್ದರೆ ಚೆಂದ. ಆ ಭಾರಿ ಸೆಟ್ ಹಡಗಿನ ಒಳಗೆ, ಜಾಸ್ತಿ ಆಳಕ್ಕೆ ಹೋಗುವವರಿಗೆ ಬೇಕು. ಸದ್ಯಕ್ಕೆ ನನ್ನ ಸೈಜಿನ ಬಾಡಿಗೆ ಜಾಕೆಟ್ ಒಂದನ್ನು ಗುರುತು ಹಾಕಿಟ್ಟಿದ್ದೇನೆ, ಫೋನ್ ಮಾಡಿ ಅದನ್ನೇ ಎತ್ತಿಡಿಸುತ್ತೇನೆ. 50 ಡೈವ್ ಆದ ಮೇಲೆ, ಹೆಂಗಸರ ಅಳತೆಯ ಸಾದಾ ಜಾಕೆಟ್ ಕೊಳ್ಳುತ್ತೇನೆ.

ಈಗ ಆಗಿರುವುದು 16. ನಾನು ಕಲಿಯುತ್ತಿರುವುದು ಪ್ಯಾಡಿ ಅನ್ನುವ ಸಂಸ್ಥೆಯ ಪದ್ಧತಿಯಲ್ಲಿ. ಅದರಲ್ಲಿ ಡೈವ್‌ಮಾಸ್ಟರ್, ಅಂದರೆ ಕಲಿಸುವವರಿಗಿಂತ ಮುಂಚಿನ ಮೆಟ್ಟಿಲು, ಮುಗಿಸಲು 60 ಡೈವ್ ಬೇಕು, ಕಲಿಸುವವರ ಪರೀಕ್ಷೆಗೆ ಕೂರಲು 100. ತಿಂಗಳಿಗೆ ನಾಲ್ಕು ಅಂದರೂ ಇನ್ನು ಎರಡು ವರ್ಷದ ಹತ್ತಿರ. ಈಗಿನ ಸರ್ಟಿಫಿಕೇಟಿನಲ್ಲಿ 18 ಮೀಟರ್ ದಾಟುವ ಹಾಗಿಲ್ಲ. ಬಂದರ್ ಖೈರಾನಿನಲ್ಲಿ ಅಲ್ ಮುನಾಸಿರ್ ಅಂತ ಒಮಾನ್ ನೌಕಾಪಡೆಯ ಹಳೆಯ ಹಡಗನ್ನು 2003ರಲ್ಲಿ ಬೇಕೆಂದೇ ಮುಳುಗಿಸಿದ್ದಾರೆ, ಮೀನು ಹವಳಕ್ಕೆ ಮನೆಯಾಗಲಿ ಅಂತ. ಅದು ಕೂತಿರುವುದು 30 ಮೀಟರ್ ಆಳದಲ್ಲಿ. ಅದರ ತಳ ನೋಡಬೇಕಾದರೆ ಮುಂದಿನ ಕೋರ್ಸ್ ಆಗಬೇಕು. ನನಗೆ ಆತುರ ಇಲ್ಲ.

ಕಲಿಸಬೇಕು ಅಂತ ಯಾಕೆ ಹಠ ಅಂತ ವೈನಿ ಕೇಳಿದ್ದರು. ವೈನಿ, ನಾನು ಈಜುಕೊಳದಲ್ಲಿ ಕಲಿಯುವಾಗ ಇಲ್ಲಿನ ಒಬ್ಬ ಹೆಂಗಸು ಬಂದಿದ್ದರು. ನಲವತ್ತರ ಹತ್ತಿರದ ವಯಸ್ಸು, ಮೈ ಪೂರ್ತಿ ಮುಚ್ಚುವ ಈಜಿನ ಬಟ್ಟೆ, ತಲೆಗೆ ಟೋಪಿ. ಕಲಿಸುವವರಲ್ಲಿ ಹೆಂಗಸರು ಇದ್ದಾರಾ ಅಂತ ಕೇಳಿದರು. ಆವತ್ತು ಯಾರೂ ಇರಲಿಲ್ಲ. ನೀರಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕೂತರು. ಆಮೇಲೆ ಎದ್ದು ಹೋದರು, ಮತ್ತೆ ಬರಲಿಲ್ಲ. ಬಟ್ಟೆ ಕಾಯುತ್ತಾ ಕೂತಿದ್ದ ಹುಡುಗಿ ನಾನೇ ಅಲ್ವಾ? ನಾನು ನೀರಿಗಿಳಿದದ್ದು 26ನೇ ವಯಸ್ಸಿನಲ್ಲಿ. ಅವರ ಮುಖ ಕಣ್ಣ ಮುಂದೆ ಹಾಗೇ ಇದೆ. ಮುಂದಿನ ಸಲ ಯಾರಾದರೂ ಹಾಗೆ ಕೇಳಿದರೆ ಇದ್ದೇನೆ ಅನ್ನಬೇಕು. ಅಷ್ಟೇ ನನ್ನ ಆಸೆ. ಮುಂದೊಂದು ದಿನ ನಮ್ಮ ಕಡೆಗೇ ಬರುವ ಮನಸ್ಸೂ ಇದೆ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ನಡೆಯುತ್ತದೆ. ಕಲಬುರಗಿಯಿಂದ ದೂರ, ಆದರೆ ಮಸ್ಕತ್ತಿನಷ್ಟು ದೂರ ಅಲ್ಲ.

ಇನ್ನು ಸಣ್ಣಪುಟ್ಟವು. ಒಂದು ಸೀಟಿ. ನೀರಿನ ಮೇಲೆ ಗಾಳಿ ಊದಿ ನಿಲ್ಲಿಸುವ ಉದ್ದನೆಯ ಕಿತ್ತಳೆ ಬಣ್ಣದ ಚೀಲ, ದೋಣಿಯವರಿಗೆ ದೂರದಿಂದ ಕಾಣಲಿ ಅಂತ. ದಾರ ಕತ್ತರಿಸುವ ಸಣ್ಣ ಬ್ಲೇಡು, ಯಾಕೆಂದರೆ ಮೀನುಗಾರರು ಬಿಟ್ಟ ಹರಕು ಬಲೆ ಕಲ್ಲಿಗೆ ಸಿಕ್ಕಿಕೊಂಡಿರುತ್ತದೆ. ಮೂರೂ ಸೇರಿ ಒಂದು ದಿನದ ಬಾಡಿಗೆಯಷ್ಟೂ ಆಗಲಿಲ್ಲ. ಆದರೆ ಇವಿಲ್ಲದೆ ನಾನು ದೋಣಿ ಹತ್ತುವುದಿಲ್ಲ.

ಹೋದ ವಾರ ದೈಮಾನಿಯಾತ್ ದ್ವೀಪಗಳಿಗೆ ಹೋಗಿದ್ದೆ. 9 ದ್ವೀಪಗಳು, 1996ರಿಂದ ಕಾಯ್ದಿಟ್ಟ ಜಾಗ, ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಹೊಸ ಮಾಸ್ಕ್ ಹಾಕಿಕೊಂಡು ಇಳಿದೆ. 8 ಮೀಟರಿನಲ್ಲಿ ಒಂದು ಆಮೆ ಹವಳದ ಸಂದಿಗೆ ಬಾಯಿ ಹಾಕಿ ಮೇಯುತ್ತಿತ್ತು, ಎಮ್ಮೆ ಮೇಯುವ ಹಾಗೆ, ಯಾರನ್ನೂ ಲೆಕ್ಕಕ್ಕೆ ಇಡದೆ. ಒಂದು ಹನಿ ನೀರು ಒಳಗೆ ಬರಲಿಲ್ಲ. ಅದರ ಕಣ್ಣ ಸುತ್ತಲಿನ ಸುಕ್ಕು ಕೂಡ ಕಂಡಿತು. ಅಪ್ಪಾ, ನಿಮ್ಮ ಆಪರೇಷನ್ ಆದ ಮೇಲೆ ಫೋಟೋ ತೋರಿಸುತ್ತೇನೆ.

ಸಣ್ಣವನು ತನಗೂ ಒಂದು ಮಾಸ್ಕ್ ಬೇಕು ಅಂದನಂತೆ. ಮಕ್ಕಳ ಅಳತೆಯವು ಸಿಗುತ್ತವೆ. ಆದರೆ ಅವನ ಮುಖಕ್ಕೆ ಇಟ್ಟು ನೋಡದೆ ಹೇಗೆ ತರಲಿ? ನಾನು ಕೊಳ್ಳುವ ಅಂಗಡಿಯವರು ಬಳಸದಿದ್ದರೆ ವಾಪಸ್ ತಗೊಳ್ಳುತ್ತಾರೆ. ಯುಗಾದಿಗೆ ಬರುವಾಗ ಎರಡು ಮೂರು ತರುತ್ತೇನೆ, ಯಾವುದು ನಿಲ್ಲುತ್ತದೋ ಅದು ಅವನದು. ಕಲಬುರಗಿಯ ಈಜುಕೊಳಕ್ಕೆ ಕರೆದುಕೊಂಡು ಹೋಗೋಣ, ಪಕ್ಕದ ಮನೆಯ ಹುಡುಗಿಯರೂ ಬರುವುದಾದರೆ ಬರಲಿ. ಅಲ್ಲಿಯವರೆಗೆ ಅವನನ್ನು ಖಣಿಯ ಕಡೆ ಒಬ್ಬನೇ ಬಿಡಬೇಡ. ಜೊತೆಗೆ ಹೋದರೂ ಹಗ್ಗ ತಗೊಂಡು ಹೋಗು.

ನಿನ್ನ ತಂಗಿ